ಒಳಲೆಯಲ್ಲಿ ಹಾಲು ಕುಡಿಯುವ ಮಗುವಿಗೆ ಮನೆ ಹುಡುಕುವ ಮುನ್ನ

ಪ್ರಶ್ನೆ: ಡಾಕ್ಟರೇ, ನಾವು ಹೊಸನಗರ ತಾಲ್ಲೂಕಿನವರು. ಐದು ವಾರದ ಹಿಂದೆ ನನ್ನ ತಂಗಿಗೆ ಗಂಡು ಮಗುವಾಯಿತು. ಮೇಲ್ದುಟಿ ಸೀಳಿದೆ, ಬಾಯಿಯೊಳಗಿನ ಅಂಗುಳವೂ ಸೀಳಿದೆ. ಹೃದಯದಲ್ಲಿ ರಂಧ್ರವಿದೆ ಎಂದೂ ಹೇಳಿದ್ದಾರೆ. ತಂಗಿಯ ಗಂಡ ತೋಟದ ಕೂಲಿಗೆ ಹೋಗುವವರು. ಬಸುರಿಯಾಗಿದ್ದಾಗ ಗ್ರಹಣದ ದಿನ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿದದ್ದಕ್ಕೇ ಹೀಗಾಯಿತು ಎಂದು ಅವರ ಮನೆಯವರು ತಂಗಿಯನ್ನು ದೂರುತ್ತಾರೆ. ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ಮಕ್ಕಳಿಲ್ಲದ ದಂಪತಿ ಇದ್ದಾರೆ, ಸ್ಟ್ಯಾಂಪ್ ಪೇಪರಿನಲ್ಲಿ ಬರೆದುಕೊಟ್ಟರೆ ಸಾಕು, ಬಾಣಂತನದ ಖರ್ಚಿಗೆ ಎಂದು ಹಣವನ್ನೂ ಕೊಡುತ್ತಾರೆ ಎಂದಿದ್ದಾರೆ. ಮಗುವಿನ ಫೋಟೊ ಹಾಕಿ, 'ಮುದ್ದಾದ ಮಗುವಿಗೆ ಅಪ್ಪ ಅಮ್ಮ ಬೇಕಾಗಿದ್ದಾರೆ, ತುಟಿಯ ಸಣ್ಣ ತೊಂದರೆ ಇದೆ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಯೂ ಆಗಿದೆ. ಹೀಗೆ ಕೊಡಬಹುದೇ? ತಂಗಿಯನ್ನು ಕೇಳಿದರೆ ಏನೂ ಮಾತಾಡುವುದಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಾಳೆ, ಅಷ್ಟೆ.

ಉತ್ತರ: ಅಮ್ಮ, ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮೊದಲು ಓದಬೇಕಿತ್ತು. ಅಂಗುಳ ಸೀಳಿದ ಮಗುವಿಗೆ ಎದೆಯನ್ನು ಚೀಪಿ ಹಾಲು ಎಳೆದುಕೊಳ್ಳಲು ಬರುವುದಿಲ್ಲ. ಬಾಯಿಯಲ್ಲಿ ಗಾಳಿ ನಿಲ್ಲುವುದಿಲ್ಲ, ಹಾಲು ಮೂಗಿನಿಂದ ಹೊರಬರುತ್ತದೆ. ಅಂಥ ಮಗುವಿಗೆ ಹಗಲು ರಾತ್ರಿ ಹಾಲು ಹಿಂಡಿ, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ, ಹನಿಹನಿಯಾಗಿ ಐದು ವಾರ ಕುಡಿಸಿದ್ದಾಳೆ ಎಂದರೆ ನಿಮ್ಮ ತಂಗಿ ಮಾತಾಡದಿದ್ದರೂ ತನ್ನ ಉತ್ತರ ಹೇಳುತ್ತಲೇ ಇದ್ದಾಳೆ. ಮನೆಯವರೆಲ್ಲ ಮಗುವಿಗೆ ಅಪ್ಪ ಅಮ್ಮನನ್ನು ಹುಡುಕುತ್ತಿದ್ದೀರಿ. ಅಮ್ಮ ಪಕ್ಕದ ಕೋಣೆಯಲ್ಲೇ ಕುಳಿತಿದ್ದಾಳೆ.

ದತ್ತು ಕೊಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಸಾಕಲು ಆಗುವುದೇ ಇಲ್ಲ ಎಂಬ ಪರಿಸ್ಥಿತಿಗಳಿವೆ, ಅದನ್ನು ನೋಡಿದ್ದೇನೆ. ಆದರೆ ನಿಮ್ಮ ಮನೆಯಲ್ಲಿ ಮಗುವನ್ನು ಕೊಡಿಸಲು ಹೊರಟಿರುವುದು ಬಡತನವೋ, ಭಯವೋ, ಆ ಗ್ರಹಣದ ಮಾತೋ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು.

ಗ್ರಹಣದ ಮಾತನ್ನು ಒಂದು ಲೆಕ್ಕದಲ್ಲಿ ಮುಗಿಸೋಣ. ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ, ಅಂಗುಳ ಕೂಡುವುದು ಆರರಿಂದ ಒಂಬತ್ತನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ಆಗ ತಿಂಗಳು ನಿಂತಿದೆಯೆಂಬ ಖಾತ್ರಿಯೂ ಇರುವುದಿಲ್ಲ. ಬಸುರಿ ಎಂದು ಊರಿಗೆ ಗೊತ್ತಾಗಿ, ಹಿರಿಯರು 'ಗ್ರಹಣದಲ್ಲಿ ಕತ್ತಿ ಮುಟ್ಟಬೇಡ' ಎಂದು ಹೇಳುವ ಹೊತ್ತಿಗೆ ತುಟಿ ಕೂಡುವುದಿದ್ದರೆ ಕೂಡಿ ಆಗಿರುತ್ತದೆ. ಸುಗ್ಗಿಯಲ್ಲಿ ಮಲೆನಾಡಿನ ಅರ್ಧ ಹೆಂಗಸರು ಮೆಟ್ಟುಗತ್ತಿಯ ಮೇಲೆಯೇ ಇರುತ್ತಾರೆ. ಕತ್ತಿಗೆ ಆ ಶಕ್ತಿ ಇದ್ದಿದ್ದರೆ ನನ್ನ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈ ಮಾತನ್ನು ನಿಮ್ಮ ತಂಗಿಯ ಅತ್ತೆಯವರಿಗೆ ನೀವೇ ಓದಿ ಹೇಳಿ.

ಇನ್ನು ಮಗುವಿನ ಕಾಯಿಲೆಯ ವಿಚಾರ. ಸೀಳುತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಮಗುವಿನ ತೂಕ ಐದು ಕಿಲೊದ ಹತ್ತಿರ ಬಂದು ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು ಗ್ರಾಂ ಇರುವಾಗ ಹೊಲಿಯುತ್ತಾರೆ. ಅಂಗುಳಕ್ಕೆ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಇನ್ನೊಂದು ಶಸ್ತ್ರಚಿಕಿತ್ಸೆ. ಆಮೇಲೆ ಮಾತಿನ ತರಬೇತಿ, ಕಿವಿಯ ತಪಾಸಣೆ, ಹಲ್ಲಿನ ಸಾಲು ಸರಿಪಡಿಸುವುದು ಎಂದು ಕೆಲವು ವರ್ಷ ಹಿಡಿಯುತ್ತದೆ. ಆದರೆ ಪ್ರತಿಯೊಂದಕ್ಕೂ ದಾರಿ ಇದೆ. 'ಸ್ಮೈಲ್ ಟ್ರೇನ್' ಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲಿ ತುಟಿ, ಅಂಗುಳದ ಶಸ್ತ್ರಚಿಕಿತ್ಸೆ ಉಚಿತ.

ನಾನು ಹೆಚ್ಚು ಯೋಚಿಸುವುದು ಹೃದಯದ ಬಗ್ಗೆ. 'ರಂಧ್ರವಿದೆ' ಎಂದಷ್ಟೇ ಬರೆದಿದ್ದೀರಿ. ಯಾವ ಗೋಡೆಯಲ್ಲಿ, ಎಷ್ಟು ಮಿಲಿಮೀಟರ್ ಎಂಬುದು ಎಕೊ (ಹೃದಯದ ಸ್ಕ್ಯಾನ್) ವರದಿಯಲ್ಲಿರುತ್ತದೆ. ಕೆಳಗಿನ ಕೋಣೆಗಳ ನಡುವಿನ ಸಣ್ಣ ರಂಧ್ರಗಳಲ್ಲಿ ಬಹಳಷ್ಟು ಮೊದಲ ಒಂದೆರಡು ವರ್ಷದಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡ ರಂಧ್ರವಾದರೆ ಆರು ವಾರ ಕಳೆಯುತ್ತಿದ್ದಂತೆ ಮಗು ಗುರುತು ತೋರಿಸುತ್ತದೆ. ತಂಗಿಯನ್ನು ಈ ಮೂರು ಪ್ರಶ್ನೆ ಕೇಳಿ: ಹಾಲು ಕುಡಿಯುವಾಗ ಮಗುವಿನ ಹಣೆ ಬೆವರುತ್ತದೆಯೇ? ನಾಲ್ಕು ಗುಟುಕಿಗೆ ಏದುಸಿರು ಬಿಟ್ಟು ನಿಲ್ಲಿಸುತ್ತದೆಯೇ? ಈ ವಯಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂ ತೂಕ ಏರಬೇಕು, ಏರುತ್ತಿದೆಯೇ? 'ಬೆವರುತ್ತದೆ', 'ನಿಲ್ಲಿಸುತ್ತದೆ', 'ತೂಕ ಏರುತ್ತಿಲ್ಲ' ಇವುಗಳಲ್ಲಿ ಒಂದು ಉತ್ತರ ಬಂದರೂ ಈ ಅಂಕಣವನ್ನು ಪಕ್ಕಕ್ಕಿಟ್ಟು ನಾಳೆಯೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೊರಡಿ. ದತ್ತಿನ ಮಾತು ಆಮೇಲೆ.

ಹಣದ ಚಿಂತೆಗೆ: ಹುಟ್ಟಿನಿಂದ ಬಂದ ಹೃದಯದ ದೋಷ ಮತ್ತು ಸೀಳುತುಟಿ ಎರಡೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಅವರು ತಾಲ್ಲೂಕಿನ ತಂಡಕ್ಕೆ ತಿಳಿಸುತ್ತಾರೆ. ಬಿಪಿಎಲ್ ಪಡಿತರ ಚೀಟಿ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇದಲ್ಲದೆ ಮಿಷನ್ ವಾತ್ಸಲ್ಯ ಯೋಜನೆಯಡಿ ಕಷ್ಟದಲ್ಲಿರುವ ಮಗು ತನ್ನ ಮನೆಯಲ್ಲೇ ಬೆಳೆಯಲಿ ಎಂದು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಧನ ಕೊಡುತ್ತಾರೆ. ಹಳ್ಳಿಯವರಿಗೆ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದೆಂಬ ಮಿತಿ ಇದೆ, ಅರ್ಜಿ ಹಾಕಿದವರೆಲ್ಲರಿಗೂ ಸಿಗುವುದಿಲ್ಲ. ಆದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಿ. ಬೆಂಗಳೂರಿನವರು ಕೊಡುತ್ತೇವೆಂದ ಹಣಕ್ಕಿಂತ ಈ ನಾಲ್ಕು ಸಾವಿರ ದೊಡ್ಡದು. ಏಕೆಂದರೆ ಆ ಹಣ ಅಪರಾಧ.

ಅದನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಗುವನ್ನು ಕೊಟ್ಟು ಹಣ ಪಡೆದರೆ, ಅದಕ್ಕೆ ಬಾಣಂತನದ ಖರ್ಚು ಎಂದು ಹೆಸರಿಟ್ಟರೂ, ಬಾಲನ್ಯಾಯ ಕಾಯ್ದೆ 2015ರ 81ನೆಯ ಕಲಮಿನಡಿ ಐದು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿ ದಂಡವಾಗಬಹುದು. ಕೊಟ್ಟವರಿಗೂ, ಕೊಂಡವರಿಗೂ. ಹಿಂದೂ ಕುಟುಂಬಗಳ ನಡುವೆ 1956ರ ದತ್ತಕ ಕಾಯ್ದೆಯಂತೆ ತಂದೆ ತಾಯಿ ಇಬ್ಬರೂ ಒಪ್ಪಿ ನೇರವಾಗಿ ದತ್ತು ಕೊಡುವುದಕ್ಕೆ ಅವಕಾಶವಿದೆ, ನಿಜ. ಅಲ್ಲಿಯೂ ಹಣ ಕೈ ಬದಲಾಯಿಸುವಂತಿಲ್ಲ. ಗಂಡು ಮಗುವಿರುವವರು ಗಂಡು ಮಗುವನ್ನು ತೆಗೆದುಕೊಳ್ಳುವಂತಿಲ್ಲ. ಒಮ್ಮೆ ಕೊಟ್ಟ ದತ್ತನ್ನು ರದ್ದು ಮಾಡುವಂತಿಲ್ಲ. ಅಣ್ಣನ ಮಗುವನ್ನು ತಮ್ಮ ಸಾಕಿಕೊಳ್ಳುವಂಥ ಸಂದರ್ಭಕ್ಕೆ ಆ ದಾರಿ ಸರಿಹೋದೀತು. ಗುರುತು ಪರಿಚಯವಿಲ್ಲದ ದಂಪತಿ, ನಡುವೆ ಒಬ್ಬ ದಲ್ಲಾಳಿ, ಕೈಯಲ್ಲೊಂದು ಸ್ಟ್ಯಾಂಪ್ ಪೇಪರ್ ಎಂದರೆ ನನಗೆ ಮೈ ನಡುಗುತ್ತದೆ. ಆ ಮನೆಯನ್ನು ಯಾರೂ ನೋಡಿಲ್ಲ. ಅವರಿಗೂ ನಿಜ ಹೇಳಿಲ್ಲ. ಸಂದೇಶದಲ್ಲಿ 'ತುಟಿಯ ಸಣ್ಣ ತೊಂದರೆ' ಎಂದಿದೆ, ಹೃದಯದ ಸುದ್ದಿಯೇ ಇಲ್ಲ. ಆರೋಗ್ಯದ ಸತ್ಯ ಮುಚ್ಚಿಟ್ಟು ಕೊಟ್ಟ ಮಗು ಮೂರು ತಿಂಗಳಿಗೆ ತಿರುಗಿ ಬಂದದ್ದನ್ನು ನಾನು ಕಂಡಿದ್ದೇನೆ. ತಿರುಗಿ ಬಂದ ಆ ಮಗು ಯಾರು ಎತ್ತಿಕೊಂಡರೂ ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.

ಫೋಟೊವನ್ನು ಇಂದೇ ಅಳಿಸಿ, ಹಂಚಿದವರಿಗೂ ಅಳಿಸಲು ಹೇಳಿ. ರಕ್ಷಣೆ ಬೇಕಾದ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 74ನೆಯ ಕಲಮು ತಡೆಯುತ್ತದೆ. ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನು ಹಾಗಿರಲಿ, ಈ ಹುಡುಗ ಮುಂದೆ ಹೈಸ್ಕೂಲಿಗೆ ಹೋಗುವಾಗ ಯಾರದೋ ಮೊಬೈಲಿನಲ್ಲಿ ತನ್ನ ಆ ಚಿತ್ರ ಸಿಗಬಾರದು.

ಇಷ್ಟೆಲ್ಲ ಆದ ಮೇಲೂ, ಗಂಡ ಹೆಂಡತಿ ಇಬ್ಬರೂ ಯೋಚಿಸಿ, ಸಾಕಲಾರೆವು ಎಂದರೆ ಸರಿಯಾದ ಬಾಗಿಲು ಮಕ್ಕಳ ಕಲ್ಯಾಣ ಸಮಿತಿಯದು. ಪ್ರತಿ ಜಿಲ್ಲೆಯಲ್ಲೂ ಇದೆ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ದಾರಿ ತಿಳಿಯದಿದ್ದರೆ 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಸರಿ. ಸಮಿತಿಯ ಮುಂದೆ ಇಬ್ಬರೂ ಹೋಗಬೇಕು. ಅಲ್ಲಿ ಆಪ್ತ ಸಮಾಲೋಚನೆ ನಡೆಯುತ್ತದೆ, ಆ ಮೇಲೆ ಒಪ್ಪಿಸುವ ಪತ್ರಕ್ಕೆ ಸಹಿ. ಹೆಸರು ಹೊರಗೆ ಹೋಗುವುದಿಲ್ಲ. ಸಹಿ ಹಾಕಿದ ದಿನದಿಂದ ಎರಡು ತಿಂಗಳು ಮನಸ್ಸು ಬದಲಾಯಿಸಲು ಅವಕಾಶವಿದೆ. ಆ ಅವಧಿಯಲ್ಲಿ ಮಗು ಬೇಕೆನ್ನಿಸಿದರೆ ಕೇಳಬಹುದು, ಕೇಳಲು ಸಂಕೋಚಪಡಬಾರದು. ರಾತ್ರೋರಾತ್ರಿ ಬಸ್ ನಿಲ್ದಾಣದಲ್ಲೋ ದೇವಸ್ಥಾನದ ಜಗಲಿಯಲ್ಲೋ ಬಿಟ್ಟುಬರುವ ಯೋಚನೆ ಯಾರ ತಲೆಯಲ್ಲೂ ಸುಳಿಯದಿರಲಿ. ಮಳೆಗಾಲದ ಮಲೆನಾಡಿನಲ್ಲಿ ಹೃದಯದ ತೊಂದರೆಯ ಕೂಸು ಒಂದು ರಾತ್ರಿಯ ಥಂಡಿಯನ್ನು ತಡೆಯದು.

ಎರಡು ತಿಂಗಳ ನಂತರ ಸಮಿತಿ ಮಗುವನ್ನು ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ. ವೈದ್ಯಕೀಯ ವರದಿ ತಯಾರಾಗಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಎಲ್ಲರೂ 'ಕಾರಾ' ಎನ್ನುವ ಸಂಸ್ಥೆಯ, ಜಾಲತಾಣದಲ್ಲಿ ವಿಶೇಷ ಅಗತ್ಯದ ಮಕ್ಕಳ ವಿಭಾಗಕ್ಕೆ ಸೇರುತ್ತದೆ. ಅದನ್ನು ತೆರೆದು ನೋಡುವವರು ದತ್ತಿಗೆ ನೋಂದಾಯಿಸಿಕೊಂಡವರು. ವಿಶೇಷ ಅಗತ್ಯದ ಮಕ್ಕಳಲ್ಲಿ ದೊಡ್ಡ ಪಾಲು ವಿದೇಶದ ಮನೆಗಳಿಗೆ ಹೋಗುತ್ತಿದೆ, ನಮ್ಮವರು 'ಆರೋಗ್ಯವಂತ, ಎರಡು ವರ್ಷದೊಳಗಿನ' ಎಂದು ಗುರುತು ಹಾಕಿ ಮೂರು ವರ್ಷಕ್ಕೂ ಮೇಲ್ಪಟ್ಟು ಸರದಿಯಲ್ಲಿ ಕಾಯುತ್ತಾರೆ. ಅದು ಬೇರೆಯೇ ಜಗಳ, ಇನ್ನೊಮ್ಮೆ ಆಡೋಣ.

ಒಂದು ಎಚ್ಚರಿಕೆ. ಮಗು ಯಾರ ಸುಪರ್ದಿಯಲ್ಲಿದ್ದರೂ ಶಸ್ತ್ರಚಿಕಿತ್ಸೆಯ ದಿನವನ್ನು ಕಡತದ ಓಡಾಟಕ್ಕಾಗಿ ಮುಂದೂಡಬಾರದು. ದತ್ತು ಕೇಂದ್ರದಲ್ಲಿದ್ದಾಗಲೇ ತುಟಿ ಹೊಲಿಸಬಹುದು. ಸಮಿತಿಯ ಮುಂದೆ ಹೋದಾಗ ಇದನ್ನು ಕೇಳಿ ಬರೆಸಿಕೊಳ್ಳಿ. ಎಕೊ ವರದಿಯ ಮೂಲ ಪ್ರತಿ, ತಾಯಿ ಕಾರ್ಡು, ತೂಕದ ಲೆಕ್ಕ ಇವನ್ನೆಲ್ಲ ಮಗುವಿನ ಜೊತೆಗೆ ಕಳುಹಿಸಿ. ನಿಮ್ಮ ತಂಗಿ ಹೇಗೆ ಹಿಡಿದು ಹಾಲು ಕುಡಿಸುತ್ತಾಳೆ, ಎಷ್ಟು ನೇರವಾಗಿ ಕೂರಿಸುತ್ತಾಳೆ, ಎಷ್ಟು ಸಲ ತೇಗಿಸುತ್ತಾಳೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಆ ಮಗುವನ್ನು ಎತ್ತಿಕೊಳ್ಳುವವರು ಯಾರೇ ಆಗಲಿ, ಅವರಿಗೆ ವೈದ್ಯರ ಚೀಟಿಗಿಂತ ಆ ಹಾಳೆ ಹೆಚ್ಚು ಬೇಕಾಗುತ್ತದೆ.

ಆದರೆ ಮೊದಲು ತಂಗಿಯ ಬಳಿ ಕುಳಿತುಕೊಳ್ಳಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ.

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು. ಯಜಮಾನರಿಗೆ 41, ಸ್ವಲ್ಪ ಅಡಿಕೆ ತೋಟವಿದೆ. ನನಗೆ 38, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ ಕೂಸೊಂದನ್ನು ದತ್ತು ಪಡೆಯಬೇಕೆಂಬ ಆಸೆ. ಸ್ವಂತ ಮಕ್ಕಳಿರುವಾಗ ಕೊಡುತ್ತಾರೆಯೇ? ನಮ್ಮ ನಂತರ ಆ ಮಗುವಿಗೆ ಯಾರು ಎಂದು ಮಾವನವರು ಕೇಳುತ್ತಾರೆ. ಉತ್ತರ ಹೊಳೆಯುತ್ತಿಲ್ಲ.

ಉತ್ತರ: ಕೊಡುತ್ತಾರೆ. 2022ರ ದತ್ತು ನಿಯಮಗಳ ಪ್ರಕಾರ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯದ ಮಕ್ಕಳನ್ನೂ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನೂ ಮಾತ್ರ ದತ್ತು ಕೊಡುತ್ತಾರೆ. ನೀವು ಬಯಸಿದ್ದೂ ಅದನ್ನೇ. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿ 85 ದಾಟಬಾರದು, ನಿಮ್ಮದು 79. ಹಾಗಾಗಿ ಸಮಯವಿದೆ, ಆದರೆ ಮೀನಮೇಷ ಎಣಿಸುವಷ್ಟಿಲ್ಲ. ಕಾರಾ ಜಾಲತಾಣದಲ್ಲಿ ನೋಂದಾಯಿಸಿದ ಮೇಲೆ ಸಮಾಜ ಕಾರ್ಯಕರ್ತರು ಮನೆ ನೋಡಲು ಬರುತ್ತಾರೆ. ಆ ವರದಿ ಮುಗಿದರೆ ವಿಶೇಷ ಅಗತ್ಯದ ವಿಭಾಗದಿಂದ ನೀವೇ ಮಗುವನ್ನು ಕಾಯ್ದಿರಿಸಬಹುದು, ಉದ್ದದ ಸರದಿ ಇಲ್ಲ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಯವರೇ ಕೊಡುತ್ತಿದ್ದಾರೆ. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಅವರನ್ನು ತಪಾಸಣೆಗೆ ಬಂದವರಂತೆ ನೋಡಿ ಕೋಣೆ ಒಪ್ಪ ಮಾಡಬೇಡಿ. ಕಷ್ಟಗಳಿದ್ದರೆ ಅವರಿಗೇ ಹೇಳಿ.

ಮನೆ ನೋಡಲು ಬಂದಾಗ ನಾನಾಗಿದ್ದರೆ ಕೇಳುವ ಮೊದಲ ಪ್ರಶ್ನೆ: ಮಳೆಗಾಲದಲ್ಲಿ ನಿಮ್ಮ ಮನೆಯಿಂದ ರಸ್ತೆಗೆ ಬರಲು ಕಾಲುಸಂಕ ದಾಟಬೇಕೇ? ಡೌನ್ ಸಿಂಡ್ರೋಮ್ ಇರುವ ಕೂಸುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಹೃದಯದ ದೋಷವಿರುತ್ತದೆ, ಎದೆಗೆ ಕಫ ಕಟ್ಟುವುದೂ ಬೇಗ. ಜುಲೈ ತಿಂಗಳ ನಡುರಾತ್ರಿ ಮಗು ಉಸಿರಿಗೆ ಕಷ್ಟಪಟ್ಟರೆ ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ತಲುಪುತ್ತೀರಿ, ಯಾರ ಜೀಪು ಸಿಗುತ್ತದೆ ಎಂಬುದಕ್ಕೆ ಈಗಲೇ ಉತ್ತರವಿರಲಿ. ಇದು ನಿಮ್ಮನ್ನು ಹೆದರಿಸಲು ಕೇಳಿದ್ದಲ್ಲ. ಸಂಕದಾಚೆಯ ಮನೆಯಲ್ಲೂ ಇಂಥ ಮಕ್ಕಳನ್ನು ಚೆನ್ನಾಗಿ ಬೆಳೆಸಿದವರಿದ್ದಾರೆ. ಅವರು ಮಳೆಗಾಲಕ್ಕೆ ಸೌದೆ, ಹಪ್ಪಳದ ಜೊತೆಗೆ ಮಗುವಿನ ಔಷಧಿಯನ್ನೂ ಕೂಡಿಟ್ಟವರು.

ಮಗುವಿನ ವೈದ್ಯಕೀಯ ವರದಿಯನ್ನು ನಿಮಗೆ ಪರಿಚಯವಿರುವ ಮಕ್ಕಳ ವೈದ್ಯರಿಗೆ ತೋರಿಸಿ ಕೇಳಲು ನಿಯಮದಲ್ಲೇ ಅವಕಾಶವಿದೆ. ಎಕೊ ಆಗಿದೆಯೇ, ಥೈರಾಯ್ಡ್ ಪರೀಕ್ಷೆ ಆಗಿದೆಯೇ, ಕಿವಿ ಮತ್ತು ಕಣ್ಣು ನೋಡಿದ್ದಾರೆಯೇ ಎಂಬ ನಾಲ್ಕು ಸಂಗತಿ ಇಲ್ಲದ ವರದಿಯನ್ನು ಅಪೂರ್ಣ ಎಂದೇ ತಿಳಿಯಿರಿ. ಥೈರಾಯ್ಡ್ ಕಡಿಮೆ ಇದ್ದರೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು, ಕೊಡದೆ ಬಿಟ್ಟರೆ ಬುದ್ಧಿಯ ಬೆಳವಣಿಗೆ ಇನ್ನಷ್ಟು ಹಿಂದೆ ಬೀಳುತ್ತದೆ. ಮಗು ನಡೆಯುವುದು ಎರಡು ವರ್ಷದ ಆಸುಪಾಸಿನಲ್ಲಿ, ಮಾತು ಇನ್ನೂ ತಡ. ಶಿಕ್ಷಕಿಯಾದ ನಿಮಗೆ ತಡವಾಗಿ ಕಲಿಯುವ ಮಕ್ಕಳ ಬಗ್ಗೆ ನಾನು ಪಾಠ ಹೇಳಬೇಕಿಲ್ಲ.

ಮಾವನವರ ಪ್ರಶ್ನೆ ಗಟ್ಟಿಯಾದದ್ದು. ಅದನ್ನು ಕುಹಕ ಎಂದುಕೊಳ್ಳಬೇಡಿ. ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಡೌನ್ ಸಿಂಡ್ರೋಮ್ ಇರುವವರು ಈಗ ಅರವತ್ತರ ಆಸುಪಾಸಿನವರೆಗೂ ಬದುಕುತ್ತಾರೆ. ಅಂದರೆ ನಿಮ್ಮ ನಂತರವೂ ಮಗು ಇರುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ಜಿಲ್ಲಾಧಿಕಾರಿಯವರಿರುವ ಸ್ಥಳೀಯ ಸಮಿತಿ ನೇಮಿಸುತ್ತದೆ. ಅದೇ ನ್ಯಾಸದ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ. ದತ್ತು ಮಗುವಿಗೆ ಆಸ್ತಿಯಲ್ಲಿ ನಿಮ್ಮ ಹೆಣ್ಣುಮಕ್ಕಳಷ್ಟೇ ಹಕ್ಕು. ತೋಟದ ಪಾಲನ್ನು ಹೇಗೆ ಕಾಪಾಡಬೇಕೆಂದು ವಕೀಲರ ಬಳಿ ಕುಳಿತು ಉಯಿಲು ಬರೆಸಿ.

ಒಂದನ್ನು ಮಾತ್ರ ಮಾಡಬೇಡಿ. 'ದೊಡ್ಡವಳು ನೋಡಿಕೊಳ್ಳುತ್ತಾಳೆ' ಎಂದು ಮಾವನವರಿಗೆ ಉತ್ತರ ಕೊಡಬೇಡಿ. ಹನ್ನೊಂದು ವರ್ಷದ ಹುಡುಗಿಯ ಬಾಯಿಂದ ಐವತ್ತು ವರ್ಷದ ಮಾತು ತೆಗೆದುಕೊಳ್ಳುವುದು ನ್ಯಾಯವಲ್ಲ. ಅವಳು ಮುಂದೆ ತಾನಾಗಿ ನೋಡಿಕೊಂಡರೆ ಅದು ಅವಳ ದೊಡ್ಡತನ. ಸಮಾಜ ಕಾರ್ಯಕರ್ತರು ಮಕ್ಕಳಿಬ್ಬರನ್ನೂ ಮಾತಾಡಿಸುತ್ತಾರೆ, ಆಗ ಅವರು 'ಬೇಡ' ಎಂದರೆ ಏಕೆ ಎಂದು ಸಮಾಧಾನದಿಂದ ಕೇಳಿ.

ಪ್ರಶ್ನೆ: ನಾನು ಮಕ್ಕಳ ಕೇಂದ್ರವೊಂದರಲ್ಲಿ ದಾದಿ. ನಾಲ್ಕು ತಿಂಗಳ ಹೆಣ್ಣು ಕೂಸಿನ ಕಡತದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ 'ಎಚ್‌ಐವಿ ಪಾಸಿಟಿವ್' ಎಂದಿದೆ. ಬಂದವರು ಅದನ್ನು ನೋಡಿ ಹೋಗಿಬಿಡುತ್ತಾರೆ. ಕೂಸು ಆರೋಗ್ಯವಾಗಿದೆ, ನಗುತ್ತದೆ. ಅದಕ್ಕೆ ಮನೆ ಸಿಗುವುದೇ ಇಲ್ಲವೇ?

ಉತ್ತರ: ಯಾವ ಪರೀಕ್ಷೆಯಿಂದ ಹಾಗೆ ಬರೆದರು ಎಂದು ಮೊದಲು ನೋಡಿ ತಾಯಿ. ರಕ್ತದಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ವಸ್ತು, ನೋಡುವ ಪರೀಕ್ಷೆಯಾಗಿದ್ದರೆ ಅಲ್ಲಿ ಕಂಡದ್ದು ಹೆತ್ತವಳಿಂದ ಬಂದ ಪ್ರತಿಕಾಯವೇ ಇರಬಹುದು. ಅವು ಮಗುವಿನ ಮೈಯಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯಬಲ್ಲವು. ಮಗುವಿಗೇ ಸೋಂಕಿದೆಯೇ ಎಂದು ತಿಳಿಯಲು ವೈರಸ್ಸನ್ನೇ ಹುಡುಕುವ ಡಿಎನ್‌ಎ ಪಿಸಿಆರ್ ಪರೀಕ್ಷೆ ಬೇಕು. ಆರು ವಾರದಿಂದಲೇ ಅದನ್ನು ಮಾಡುತ್ತಾರೆ, ಎಚ್‌ಐವಿ ಸಮಾಲೋಚನಾ ಕೇಂದ್ರದ ಮೂಲಕ ಉಚಿತ. ಅಂತಿಮ ಮಾತು ಹದಿನೆಂಟು ತಿಂಗಳ ಪರೀಕ್ಷೆಯದು. ನಾಲ್ಕು ತಿಂಗಳಾದರೂ ಪಿಸಿಆರ್ ಆಗಿಲ್ಲವೆಂದರೆ ಈ ವಾರವೇ ಮಾಡಿಸಿ. ಸೋಂಕಿದ್ದರೂ 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ, ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧಿ ಇದೆ. ಬೇಗ ಆರಂಭಿಸಿ ತಪ್ಪದೆ ಕೊಟ್ಟರೆ ಆ ಮಕ್ಕಳು ಶಾಲೆ, ಕಾಲೇಜು, ಮದುವೆ ಎಲ್ಲವನ್ನೂ ಕಾಣುತ್ತಾರೆ.

ಇನ್ನು ಆ ಕೆಂಪು ಶಾಯಿ. 2017ರ ಎಚ್‌ಐವಿ ಕಾಯ್ದೆ ಇಂಥ ಮಾಹಿತಿಯನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ನಿಮ್ಮಲ್ಲಿ ಅದು ಬಂದುಹೋದವರ ಕಣ್ಣಿಗೆಲ್ಲ ಬೀಳುವಂತೆ ಮೊದಲ ಪುಟದಲ್ಲಿದೆ. ಮಗುವನ್ನು ನಿಜವಾಗಿ ಪರಿಗಣಿಸುತ್ತಿರುವ ದಂಪತಿಗೆ ಎಲ್ಲವನ್ನೂ ಹೇಳಲೇಬೇಕು, ಆದರೆ ವೈದ್ಯರ ಎದುರು ಕೂರಿಸಿ, ಕಾಯಿಲೆಯನ್ನೂ ಔಷಧಿಯನ್ನೂ ವಿವರಿಸಿ ಹೇಳಬೇಕು. ನಿಮ್ಮ ಕೇಂದ್ರದ ವೈದ್ಯರಿಗೆ ಹೇಳಿ ಆ ಪುಟವನ್ನು ವೈದ್ಯಕೀಯ ವರದಿಯೊಳಗೆ ಸೇರಿಸಿ. ಪಿಸಿಆರ್ ಫಲಿತಾಂಶ ಬರುವವರೆಗೆ ಅಲ್ಲಿ ಇಷ್ಟು ಬರೆಸಿ: 'ಹೆತ್ತ ತಾಯಿಗೆ ಎಚ್‌ಐವಿ ಇದೆ. ಮಗುವಿಗೆ ಸೋಂಕು ಖಚಿತವಾಗಿಲ್ಲ, ಪರೀಕ್ಷೆ ನಡೆಯುತ್ತಿದೆ.' ಕೆಳಗೆ ಅವಳ ಈ ವಾರದ ತೂಕವನ್ನೂ ನಗುತ್ತಾಳೆ ಎಂಬುದನ್ನೂ ಬರೆಯಿರಿ. ನಾಲ್ಕು ತಿಂಗಳಿಗೆ ಮುಖ ನೋಡಿ ನಗುವುದು ಬೆಳವಣಿಗೆಯ ಲಕ್ಷಣ, ವರದಿಯಲ್ಲಿ ಅದಕ್ಕೆ ಜಾಗವಿದೆ.